ಶಿರ್ತಾಡಿ ದಾಟಿದರೆ ಸಿಗುವ ಇಪ್ಪತ್ತೊಂಬತ್ತು ಅಂಕಿ

79228162514264337593543950336.

ಒಮ್ಮೆ ಉಸಿರು ಹಿಡಿದು ಎಣಿಸಿ ನೋಡಿ. ಇಪ್ಪತ್ತೊಂಬತ್ತು ಅಂಕಿ! ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಇನ್ನೊಮ್ಮೆ ಕೋಟಿಯಿಂದ ಗುಣಿಸಿ, ಮತ್ತೂ ಒಮ್ಮೆ ಕೋಟಿಯಿಂದ ಗುಣಿಸಿದರೂ ಇದರ ಎಂಟನೇ ಒಂದು ಪಾಲು ಆದೀತು, ಅಷ್ಟೇ. ಕಂಪ್ಯೂಟರಿನ ಮುಂದೆ ಕೂತು ಯಾರೋ ಒತ್ತಿ ತೆಗೆದ ಲೆಕ್ಕ ಇದಲ್ಲ. ಸಾವಿರದ ಇನ್ನೂರು ವರ್ಷಗಳ ಹಿಂದೆ, ಮೈಮೇಲೆ ತುಂಡು ಬಟ್ಟೆಯೂ ಇಲ್ಲದ ಒಬ್ಬ ಮುನಿ ಮನುಷ್ಯಲೋಕದಲ್ಲಿ ಎಷ್ಟು ಮಂದಿ ಇದ್ದಾರು ಎಂದು ವಾದ ಮಾಡುತ್ತ ಕೈಗೆತ್ತಿಕೊಂಡ ಸಂಖ್ಯೆ. ಆ ವಾದವನ್ನು ಹೊತ್ತ ಓಲೆಗರಿ ಲಂಡನ್ನಿನಲ್ಲಿಲ್ಲ, ಪ್ಯಾರಿಸ್ಸಿನಲ್ಲಿಲ್ಲ, ದಿಲ್ಲಿಯಲ್ಲೂ ಇಲ್ಲ. ನಾರಾವಿಯಲ್ಲಿ ಬಸ್ಸು ಹತ್ತಿ, ಅಳಿಯೂರು, ಶಿರ್ತಾಡಿ ದಾಟಿ, ಕೂತ ಸೀಟು ಬಿಸಿಯಾಗುವುದರೊಳಗೆ ಇಳಿದುಬಿಡುವ ಮೂಡುಬಿದಿರೆಯಲ್ಲಿದೆ!

ನಾರಾವಿ, ಹೊಸ್ಮಾರು, ಅಳದಂಗಡಿ ಕಡೆಯ ನಮಗೆಲ್ಲ ಮೂಡುಬಿದಿರೆ ಎಂದರೆ ಕಾಲೇಜು, ಆಸ್ಪತ್ರೆ, ಜವುಳಿ ಅಂಗಡಿ, ವಿರಾಸತ್ ಉತ್ಸವದ ದೀಪ. ಬಂದ ನೆಂಟರನ್ನು ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋಗುತ್ತೇವೆ, ಕಂಬ ಎಣಿಸುತ್ತೇವೆ, ಲೆಕ್ಕ ತಪ್ಪುತ್ತೇವೆ, ಫೋಟೊ ಹೊಡೆದು ಹಿಂದೆ ಬರುತ್ತೇವೆ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಗುರು ಬಸದಿಯಲ್ಲಿ, ಊರವರು ಸಿದ್ಧಾಂತ ಬಸದಿ ಎಂದೇ ಕರೆಯುವ ಆ ಕಗ್ಗಲ್ಲಿನ ಪಾರ್ಶ್ವನಾಥನ ನೆರಳಿನಲ್ಲಿ, ಗಣಿತ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನೂರಾರು ವರ್ಷ ಬಟ್ಟೆಯೊಳಗೆ ಸುತ್ತಿಕೊಂಡು ಮಲಗಿತ್ತು ಎಂದು ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಹೇಳಲು ಅವರಿಗೂ ಯಾರೂ ಹೇಳಿರಲಿಲ್ಲ.

ಮೂರು ಗ್ರಂಥಗಳು: ಧವಲ, ಜಯಧವಲ, ಮಹಾಧವಲ. ದಿಗಂಬರ ಜೈನರಿಗೆ ಇದಕ್ಕಿಂತ ಮೇಲಿನ ಆಗಮವಿಲ್ಲ. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಲಿಪಿ? ಹಳೆಗನ್ನಡ! ಉತ್ತರದ ಜೈನರು ಹೆಸರು ಕೇಳಿಯೇ ಕೈಮುಗಿಯುತ್ತಿದ್ದ ಗ್ರಂಥ ಇಡೀ ಭಾರತದಲ್ಲಿ ಉಳಿದದ್ದು ಕನ್ನಡದ ಅಕ್ಷರಗಳಲ್ಲಿ, ತುಳುನಾಡಿನ ಒಂದು ಊರಿನಲ್ಲಿ. ಮೊದಲು ಶ್ರವಣಬೆಳಗೊಳದಲ್ಲಿದ್ದು ಆಮೇಲೆ ಘಟ್ಟ ಇಳಿದು ಇಲ್ಲಿಗೆ ಬಂದವು ಎನ್ನುತ್ತದೆ ಪರಂಪರೆ.

ಆ ಗರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದು ನಮ್ಮ ಹಿತ್ತಿಲ ತಾಳೆಮರದ ಗರಿಯಲ್ಲ, ಶ್ರೀತಾಳೆ. ತುಳುವಿನಲ್ಲಿ ಪನೋಲಿ. ಹಿಂದೆ ಮಳೆಗಾಲದ ಕೊಡೆಗೂ ಇದರ ಗರಿಯೇ. ಗಿಡ ಮೊಳೆತು ಮೂವತ್ತೋ ಐವತ್ತೋ ಎಪ್ಪತ್ತೋ ವರ್ಷ ಸುಮ್ಮನೆ ಬೆಳೆಯುತ್ತದೆ. ಒಂದೇ ಒಂದು ಸಲ ತಲೆಯ ಮೇಲೆ ಹೂವಿನ ಗೋಪುರ ಎತ್ತುತ್ತದೆ, ಸಸ್ಯಲೋಕದಲ್ಲೇ ಅಷ್ಟು ದೊಡ್ಡ ಕವಲೊಡೆದ ಹೂಗೊಂಚಲು ಬೇರೆ ಇಲ್ಲ, ಕಾಯಿ ಉದುರಿಸಿ ಸತ್ತುಹೋಗುತ್ತದೆ. ಅಂಥ ಮರದ ಎಳೆಗರಿ ತೆಗೆದು, ಹದ ಮಾಡಿ, ಸಮ ಕತ್ತರಿಸಿ, ತೂತು ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟಿದರೆ ಒಂದು ಗ್ರಂಥದ ಕಟ್ಟು. ಧವಲದ ಗರಿಗಳು ಎರಡಡಿಗೂ ಉದ್ದ, ಅಗಲವೋ ಮೂರು ಬೆರಳಿನ ಲೆಕ್ಕ. ಅಷ್ಟು ಜಾಗದಲ್ಲಿ ಸಾಲು ಸಾಲು ಅಕ್ಷರ. ನಡುವೆ, ಕಣ್ಣರಳಿಸಿ ಕೇಳಿ, ಬಣ್ಣದ ಚಿತ್ರಗಳು! ತೀರ್ಥಂಕರರು, ಯಕ್ಷ ಯಕ್ಷಿಯರು, ಬಾಹುಬಲಿ, ಕೈಮುಗಿದು ನಿಂತ ಶ್ರಾವಕ ಶ್ರಾವಕಿಯರು. ಹನ್ನೆರಡನೇ ಶತಮಾನದ ಮೊದಲ ದಶಕಗಳು, ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಏಳುತ್ತಿದ್ದ ಕಾಲ. ಕಲ್ಲಿನಲ್ಲಿ ಹೊಯ್ಸಳರು ಏನು ಮಾಡಿದರು ಎಂದು ಲೋಕಕ್ಕೇ ಗೊತ್ತು. ಬಣ್ಣದಲ್ಲಿ ಏನು ಮಾಡಿದರು ಎಂದು ನೋಡಬೇಕಾದರೆ ಮೂಡುಬಿದಿರೆಯ ಈ ಗರಿಗಳನ್ನೇ ನೋಡಬೇಕು.

ಇನ್ನು ಕತೆ. ಇದರ ಹುಟ್ಟಿನ ಕತೆಯನ್ನು ಧವಲವೇ ಹೇಳುತ್ತದೆ, ಯಾವ ಪತ್ತೇದಾರಿ ಕಾದಂಬರಿಯೂ ಇದರ ಮುಂದೆ ಸಪ್ಪೆ. ಗಿರಿನಾರಿನ ಚಂದ್ರಗುಹೆಯಲ್ಲಿ ಧರಸೇನ ಎಂಬ ವೃದ್ಧ ಆಚಾರ್ಯ. ಬಾಯಿಂದ ಬಾಯಿಗೆ ಬಂದ ಪೂರ್ವಾಗಮದ ಕೊನೆಯ ತುಣುಕು ಅವರ ನೆನಪಿನಲ್ಲಿ ಮಾತ್ರ ಉಳಿದಿದೆ. ತಾನು ಹೋದರೆ ಅದೂ ಹೋಯಿತು! ದಕ್ಷಿಣದ ಮುನಿಸಂಘಕ್ಕೆ ಓಲೆ ಬರೆದರು. ಇಬ್ಬರು ಬಂದರು. ಬಂದವರಿಗೆ ಪಾಠ ಶುರುಮಾಡುವ ಮೊದಲು ಒಂದು ಪರೀಕ್ಷೆ: ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟು ಸಾಧಿಸಿಕೊಂಡು ಬನ್ನಿ ಎಂದರು. ಒಂದರಲ್ಲಿ ಬೇಕೆಂದೇ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆ. ಜಪಿಸಿದರು, ದೇವತೆಗಳು ಬಂದೇ ಬಂದರು. ಆದರೆ ಒಬ್ಬಳಿಗೆ ಹಲ್ಲು ಹೊರಚಾಚಿದೆ, ಇನ್ನೊಬ್ಬಳಿಗೆ ಒಂದೇ ಕಣ್ಣು! ಬೇರೆ ಯಾರಾದರೂ ಆಗಿದ್ದರೆ ಹೆದರಿ ಓಡುತ್ತಿದ್ದರು, ಇಲ್ಲವೇ ಅಡ್ಡಬೀಳುತ್ತಿದ್ದರು. ಇವರಿಬ್ಬರೂ ಯೋಚಿಸಿದರು: ದೇವತೆಗಳು ವಿಕಾರವಾಗಿರುವುದಿಲ್ಲ, ಹಾಗಿದ್ದರೆ ತಪ್ಪು ಮಂತ್ರದ್ದು. ಕೂತು, ಅಕ್ಷರ ಅಕ್ಷರ ನೋಡಿ, ಹೆಚ್ಚಾದದ್ದನ್ನು ತೆಗೆದು, ಕಡಿಮೆಯಾದದ್ದನ್ನು ಸೇರಿಸಿ ಮತ್ತೆ ಜಪಿಸಿದರು. ಈ ಸಲ ಸುಂದರಿಯರೇ ಬಂದರು. ಗುರುವಿಗೆ ಬೇಕಾದ ಶಿಷ್ಯರು ಸಿಕ್ಕಿದರು.

ಕಂಡದ್ದು ಸರಿಯಿಲ್ಲ ಎನಿಸಿದಾಗ ತನ್ನ ಸೂತ್ರವನ್ನೇ ಮೊದಲು ಅನುಮಾನಿಸುವುದು, ಎಲ್ಲಿ ತಪ್ಪಿದೆ ಎಂದು ಹುಡುಕುವುದು, ತಿದ್ದಿ ಮತ್ತೆ ಮಾಡಿ ನೋಡುವುದು. ಪ್ರಯೋಗಶಾಲೆಯಲ್ಲಿ ನಡೆಯುವ ಕೆಲಸ ಇದೇ ಅಲ್ಲವೇ! ಆ ಇಬ್ಬರ ಹೆಸರು ಪುಷ್ಪದಂತ ಮತ್ತು ಭೂತಬಲಿ.

ಈಗ ನಿಜವಾಗಿ ಮೈ ಜುಮ್ಮೆನ್ನುವ ಸಂಗತಿ. ಪಾಠ ಮುಗಿಸಿ, ಗುಜರಾತಿನ ಅಂಕಲೇಶ್ವರದಲ್ಲಿ ಮಳೆಗಾಲ ಕಳೆದು, ಪುಷ್ಪದಂತರು ಎಲ್ಲಿಗೆ ಬಂದರು ಗೊತ್ತೇ? ಬನವಾಸಿಗೆ! ನಮ್ಮ ಬನವಾಸಿಗೆ, ವರದಾ ನದಿಯ ದಂಡೆಗೆ. ಜಿನಪಾಲಿತ ಎಂಬವನಿಗೆ ದೀಕ್ಷೆ ಕೊಟ್ಟು, ಅಲ್ಲಿಯೇ ಮೊದಲ 177 ಸೂತ್ರಗಳನ್ನು ರಚಿಸಿ, ಅವನಿಗೆ ಕಲಿಸಿ, ದ್ರಮಿಳ ದೇಶದಲ್ಲಿದ್ದ ಭೂತಬಲಿಯ ಹತ್ತಿರ ಕಳಿಸಿದರು. ಗೆಳೆಯನ ಆಯುಸ್ಸು ಮುಗಿಯುತ್ತ ಬಂದಿದೆ ಎಂದು ಅರಿತ ಭೂತಬಲಿ ಉಳಿದ ಸಾವಿರಾರು ಸೂತ್ರಗಳನ್ನು ಬರೆದು ಗ್ರಂಥ ಮುಗಿಸಿದರು. ಅದೇ ಷಟ್ಖಂಡಾಗಮ. ಅದು ಪೂರ್ತಿಯಾದ ದಿನ ಜ್ಯೇಷ್ಠ ಶುದ್ಧ ಪಂಚಮಿ. ಇಂದಿಗೂ ಬಸದಿ ಬಸದಿಗಳಲ್ಲಿ ಆಚರಿಸುವ ಶ್ರುತಪಂಚಮಿ ಅದೇ.

ಶತಮಾನಗಳು ಕಳೆದವು. ರಾಷ್ಟ್ರಕೂಟರ ಕಾಲ ಬಂತು. ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಟೀಕೆ ಬರೆಯಲು ಕೂತರು. ಎದ್ದಾಗ 72 ಸಾವಿರ ಶ್ಲೋಕಗಳಷ್ಟು ಗ್ರಂಥ ಮುಂದಿತ್ತು! ಅದೇ ಧವಲ. ಹೀರಾಲಾಲ್ ಜೈನರ ಗಣನೆಯಂತೆ ಮುಗಿದದ್ದು ಕ್ರಿ.ಶ. 816ರಲ್ಲಿ. ಆಮೇಲೆ ಜಯಧವಲ ಹಿಡಿದರು, 20 ಸಾವಿರ ಶ್ಲೋಕದಷ್ಟಾಗುವಾಗ ಕಾಲವಾದರು. ಶಿಷ್ಯ ಜಿನಸೇನರು ಇನ್ನೂ 40 ಸಾವಿರ ಬರೆದು 837ರಲ್ಲಿ ಮುಗಿಸಿದರು. ಆಗ ಮಾನ್ಯಖೇಟದ ಸಿಂಹಾಸನದ ಮೇಲೆ ನೃಪತುಂಗ ಅಮೋಘವರ್ಷ. ಕವಿರಾಜಮಾರ್ಗವೂ ಅವನ ಕಾಲದ್ದೇ, ಮಹಾವೀರಾಚಾರ್ಯರ ಗಣಿತಸಾರಸಂಗ್ರಹವೂ ಅವನ ಕಾಲದ್ದೇ. ಎಂಥ ಕಾಲವಪ್ಪಾ ಅದು!

ಧವಲದ ವಸ್ತು ಆತ್ಮ, ಕರ್ಮ, ಬಂಧ. ಜೀವರಾಶಿಗಳು ಎಷ್ಟು, ಲೋಕದ ಎಷ್ಟು ಜಾಗದಲ್ಲಿವೆ, ಎಷ್ಟು ಕಾಲ ಇರುತ್ತವೆ ಎಂಬ ಪ್ರಶ್ನೆಗಳು ಬರುತ್ತವೆ. "ತುಂಬಾ" ಎಂದು ಕೈ ಬೀಸಿ ಬಿಡುವ ಜಾಯಮಾನ ವೀರಸೇನರದ್ದಲ್ಲ. ತುಂಬಾ ಎಂದರೆ ಎಷ್ಟು? ಎಣಿಸಬಹುದೇ, ಎಣಿಸಲಾರದ್ದೇ, ಅನಂತವೇ? ಅನಂತ ಎಂದರೆ ಯಾವ ಬಗೆಯದು? ಅನಂತದಲ್ಲೇ ಹನ್ನೊಂದು ಬಗೆ ಹೇಳುತ್ತಾರೆ ಪುಣ್ಯಾತ್ಮರು! ದೊಡ್ಡ ದೊಡ್ಡ ಸಂಖ್ಯೆಗಳನ್ನು ಪಳಗಿಸಲು ಅವರ ಕೈಯಲ್ಲಿದ್ದ ಹತಾರ ಒಂದು: ಅರ್ಧಚ್ಛೇದ. ಒಂದು ಸಂಖ್ಯೆಯನ್ನು ಒಂದಕ್ಕೆ ಇಳಿಯುವ ತನಕ ಎಷ್ಟು ಸಲ ಅರ್ಧ ಮಾಡಬಹುದೋ ಅದು ಅದರ ಅರ್ಧಚ್ಛೇದ.

ಕಂಬಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಡುಕರೆಯಲ್ಲಿ ಒಂದು ಸಲಕ್ಕೆ ಎರಡು ಜೋಡಿ ಕೋಣ ಬಿಡುತ್ತಾರೆ, ಗೆದ್ದದ್ದು ಮುಂದಕ್ಕೆ, ಸೋತದ್ದು ಮನೆಗೆ. ನೇಗಿಲು ವಿಭಾಗಕ್ಕೆ 64 ಜೋಡಿ ಬಂದಿವೆ ಅಂತಿಟ್ಟುಕೊಳ್ಳಿ. ಮೊದಲ ಸುತ್ತಿಗೆ 32 ಉಳಿದವು, ಆಮೇಲೆ 16, 8, 4, 2, ಕೊನೆಗೆ ಮೆಡಲು ಕೊರಳಿಗೆ ಬಿದ್ದ ಒಂದೇ ಜೋಡಿ. ಆರು ಸುತ್ತು. 64ರ ಅರ್ಧಚ್ಛೇದ ಆರು. ಜೋಡಿಗಳು ದುಪ್ಪಟ್ಟಾಗಿ 128 ಬಂದರೆ ರಾತ್ರಿ ದುಪ್ಪಟ್ಟಾಗುತ್ತದೆ ನಿಜ, ಆದರೆ ಸುತ್ತು ಹೆಚ್ಚುವುದು ಒಂದೇ ಒಂದು! ಹತ್ತು ಲಕ್ಷ ಜೋಡಿ ಬಂದರೂ ಇಪ್ಪತ್ತು ಸುತ್ತಿಗೆ ಆಟ ಮುಗಿಯಿತು. ಭೀಮಗಾತ್ರದ ಸಂಖ್ಯೆಯನ್ನು ಅಂಗೈಯಗಲಕ್ಕೆ ತರುವ ಉಪಾಯ ಇದು.

ಪಿಯುಸಿಯಲ್ಲಿ ಲಾಗರಿದಮ್ ಎಂದು ಬೆವರಿಳಿಸಿಕೊಂಡು ಕಲಿತದ್ದು ನೆನಪಾಯಿತೇ? ಅದೇ ಇದು, ಎರಡರ ಆಧಾರದ ಲಾಗರಿದಮ್. ಇಲ್ಲಿಗೇ ನಿಲ್ಲುವುದಿಲ್ಲ ನೋಡಿ. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದ ಬೇಕಾದರೆ ಅವುಗಳ ಅರ್ಧಚ್ಛೇದಗಳನ್ನು ಕೂಡಿಸಿದರೆ ಸಾಕು ಎಂಬ ನಿಯಮ ಧವಲದಲ್ಲಿದೆ. 8ರದ್ದು ಮೂರು, 16ರದ್ದು ನಾಲ್ಕು, ಗುಣಲಬ್ಧ 128ರದ್ದು ಏಳು. ಭಾಗಿಸಿದರೆ ಕಳೆಯಿರಿ. ಮೂರರಿಂದ ಭಾಗಿಸುತ್ತ ಹೋದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗಿ ಅರ್ಧಚ್ಛೇದದ ಅರ್ಧಚ್ಛೇದವನ್ನೂ ತೆಗೆಯುತ್ತಾರೆ, ಅದು ವರ್ಗಶಲಾಕೆ. 65,536ರ ಅರ್ಧಚ್ಛೇದ 16, ವರ್ಗಶಲಾಕೆ 4. ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಲಾಗರಿದಮ್ಮಿನ ಪುಸ್ತಕ ಅಚ್ಚು ಹಾಕಿಸಿದ್ದು 1614ರಲ್ಲಿ. ವೇಣೂರಿನಲ್ಲಿ ತಿಮ್ಮಣ್ಣ ಅಜಿಲರು ಬಾಹುಬಲಿಯನ್ನು ನಿಲ್ಲಿಸಿ ಆಗಲೇ ಹತ್ತು ವರ್ಷವಾಗಿತ್ತು. ಧವಲ ಮುಗಿದು ಎಂಟುನೂರು ವರ್ಷ!

ಈಗ ಮೊದಲಿನ ಆ ಇಪ್ಪತ್ತೊಂಬತ್ತು ಅಂಕಿಗೆ ಬರೋಣ. ಎರಡನ್ನು ವರ್ಗ ಮಾಡಿ, 4. ಅದನ್ನು ವರ್ಗ ಮಾಡಿ, 16. ಹೀಗೇ 256, 65,536. ಐದನೆಯ ವರ್ಗ ನಾನೂರಿಪ್ಪತ್ತೊಂಬತ್ತು ಕೋಟಿ ದಾಟುತ್ತದೆ. ಆರನೆಯದ್ದು ಚದುರಂಗದ ಹಲಗೆಯ ಅಕ್ಕಿಕಾಳಿನ ಕತೆಯಲ್ಲಿ ಬರುವಂಥದ್ದು. ಐದನೆಯದನ್ನು ಆರನೆಯದರಿಂದ ಗುಣಿಸಿ ಎನ್ನುತ್ತದೆ ಗ್ರಂಥ. ಬಂದದ್ದೇ ನಮ್ಮ ಸಂಖ್ಯೆ, ತೊಂಬತ್ತಾರು ಸಲ ಅರ್ಧ ಮಾಡಬಹುದಾದದ್ದು. ಧವಲ ಮುಗಿದು ಸುಮಾರು ನೂರೈವತ್ತು ವರ್ಷಗಳ ಮೇಲೆ, ಶ್ರವಣಬೆಳಗೊಳದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಈ ಆಗಮವನ್ನೆಲ್ಲ ಭಟ್ಟಿಯಿಳಿಸಿ ಗೊಮ್ಮಟಸಾರ ಬರೆದರಲ್ಲ, ಅದರಲ್ಲಿ ಈ ಇಪ್ಪತ್ತೊಂಬತ್ತು ಅಂಕಿಗಳನ್ನೂ ಒಂದು ಗಾಹೆಯ, ಅಂದರೆ ಪ್ರಾಕೃತ ಪದ್ಯದ, ಅಕ್ಷರಗಳಲ್ಲಿ ಅಡಗಿಸಿಟ್ಟರು. ಕಟಪಯಾದಿ ಲೆಕ್ಕ: ತ ಅಕ್ಷರಕ್ಕೆ 6, ಲ ಅಕ್ಷರಕ್ಕೆ 3, ನ ಅಕ್ಷರಕ್ಕೆ ಸೊನ್ನೆ, ಹೀಗೆ. ಬಲದಿಂದ ಎಡಕ್ಕೆ ಜೋಡಿಸುತ್ತ ಬಂದರೆ ಒಂದಂಕಿಯೂ ತಪ್ಪದೆ ಸಂಖ್ಯೆ ಎದ್ದು ನಿಲ್ಲುತ್ತದೆ! ಕಂಪ್ಯೂಟರಿನಲ್ಲಿ ತಾಳೆ ನೋಡಿಕೊಳ್ಳಬಹುದು. ಸಂಗೀತ ಕಲಿಯುವ ಮಕ್ಕಳು ಸರಳೆ ಹಾಡುವ ಮಾಯಾಮಾಳವಗೌಳ ಹದಿನೈದನೇ ಮೇಳ ಎಂದು ಹೆಸರಿನಿಂದಲೇ ಗೊತ್ತಾಗುವುದೂ ಇದೇ ಲೆಕ್ಕದಿಂದ. ಮಾ ಐದು, ಯಾ ಒಂದು, ತಿರುಗಿಸಿ ಓದಿ.

ಪರಿಧಿಯ ಲೆಕ್ಕವೂ ಇದೆ. ವ್ಯಾಸದಿಂದ ಪರಿಧಿ ತೆಗೆಯಲು ವೀರಸೇನರು ಒಂದು ಹಳೆಯ ಶ್ಲೋಕ ಎತ್ತಿ ಹೇಳುತ್ತಾರೆ. ಅದರೊಳಗೆ 355ನ್ನು 113ರಿಂದ ಭಾಗಿಸಿದ ಬೆಲೆ ಕೂತಿದೆ. 3.1415929. ನಿಜವಾದ ಪೈಯೊಂದಿಗೆ ಆರು ದಶಾಂಶ ಸ್ಥಾನಗಳ ತನಕ ಸರಿ! ಚೀನಾದ ಜು ಚೊಂಗ್‌ಜಿ ಐದನೇ ಶತಮಾನದಲ್ಲೇ ಈ ಬೆಲೆ ಕಂಡಿದ್ದ ಎನ್ನುವುದನ್ನೂ ಹೇಳಿಬಿಡಬೇಕು.

ಇಲ್ಲೊಂದು ಮಾತು. ಇಂಥದ್ದನ್ನು ಕೇಳಿದ ಕೂಡಲೇ "ಎಲ್ಲ ನಮ್ಮವರೇ ಮೊದಲು ಕಂಡುಹಿಡಿದದ್ದು" ಎಂದು ಮೀಸೆ ತಿರುವುವವರಿದ್ದಾರೆ, ವಾಟ್ಸಾಪಿನಲ್ಲಂತೂ ಅವರದ್ದೇ ರಾಜ್ಯ. ವೀರಸೇನರು ನೇಪಿಯರನ ಹಾಗೆ ಕೋಷ್ಟಕ ಮಾಡಲಿಲ್ಲ, ಹಡಗು ನಡೆಸುವವರಿಗೆ ಲೆಕ್ಕ ಸುಲಭವಾಗಲಿ ಎಂದು ಬರೆಯಲಿಲ್ಲ. ಅವರ ಹನ್ನೊಂದು ಅನಂತಗಳು ಹತ್ತೊಂಬತ್ತನೇ ಶತಮಾನದ ಕ್ಯಾಂಟರನ ಅನಂತಗಳಲ್ಲ. ಅವರ ದಾರಿ ಬೇರೆ, ಅವಸರ ಬೇರೆ. ಪೈಪೋಟಿಗೆ ಎಳೆಯದೆ ಹಾಗೇ ಬಿಟ್ಟು ನೋಡಿದರೇ ಅದರ ಬೆರಗು ಹೆಚ್ಚು ಎಂದು ನನಗನಿಸುತ್ತದೆ. ಕರ್ಮ ಕಳೆದುಕೊಳ್ಳಲು ಹೊರಟ ಮನುಷ್ಯನಿಗೆ ಲಾಗರಿದಮ್ ಬೇಕಾಯಿತು ಎನ್ನುವುದೇ ಸಾಲದೇ ಬೆರಗಿಗೆ!

ಸರಿ, ಇಷ್ಟೆಲ್ಲ ಬರೆದಿಟ್ಟರು. ಉಳಿಸಿದವರು ಯಾರು? ಗ್ರಂಥದ ಕೊನೆಯ ಪ್ರಶಸ್ತಿಗಳನ್ನು ಓದಿದರೆ ಬರುವ ಹೆಸರುಗಳು ಹೆಂಗಸರದ್ದು. ಮಂಡಲಿನಾಡಿನ ಗಂಗ ಪೆರ್ಮಾಡಿದೇವನ ಅತ್ತೆ ದೇಮಿಯಕ್ಕ ಶ್ರುತಪಂಚಮಿ ವ್ರತ ಹಿಡಿದು, ಉದ್ಯಾಪನೆಯ ದಿನ ಧವಲದ ಪ್ರತಿಯನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳು. ಮಹಾಧವಲದ ಪ್ರತಿ ಮಾಡಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಅದೂ ವ್ರತದ ಸಮಾಪ್ತಿಗೇ. ವ್ರತದ ಕೊನೆಗೆ ಬೆಳ್ಳಿ ಬಂಗಾರ ಕೊಡುವುದು ಎಲ್ಲ ಕಡೆ ಇದ್ದದ್ದೇ. ಇವರು ಪುಸ್ತಕ ಕೊಟ್ಟರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಸಾಂಸ್ಕೃತಿಕ ಕಾರ್ಯಕ್ರಮದ ಖರ್ಚಿನಲ್ಲಿ ವಿಜ್ಞಾನ ಉಳಿಯಿತು!

ಆಮೇಲೆ ದೀರ್ಘ ನಿದ್ದೆ. ಗ್ರಂಥಕ್ಕೆ ಪೂಜೆ ನಡೆಯುತ್ತಿತ್ತು, ದೂರದಿಂದ ಬಂದ ಯಾತ್ರಿಕರಿಗೆ ರತ್ನದ ಬಿಂಬಗಳ ಜೊತೆ ದರ್ಶನವಾಗುತ್ತಿತ್ತು, ಓದುವವರಿರಲಿಲ್ಲ. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಬಂದು ಗರಿಗಳನ್ನು ಕಂಡರು. ಅವು ಸವೆಯುತ್ತಿರುವುದನ್ನೂ ಕಂಡರು. ಮರುವರ್ಷವೇ ಸೊಲ್ಲಾಪುರದ ಹೀರಾಚಂದ ನೇಮಚಂದರು ಓಡಿಬಂದರು. ಮಾತುಕತೆ, ಚಂದಾ, ಒಪ್ಪಿಗೆ ಎಂದು ಮತ್ತೆ ಹತ್ತು ಹನ್ನೆರಡು ವರ್ಷ. ಅಂತೂ 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಮೀರಜಿನ ಗಜಪತಿ ಶಾಸ್ತ್ರಿಗಳು ನಕಲು ಮಾಡಲು ಕೂತರು. ಬ್ರಹ್ಮಸೂರಿಗಳು ನಡುವೆಯೇ ತೀರಿಕೊಂಡರು. ಗಜಪತಿ ಶಾಸ್ತ್ರಿಗಳು ಬರೆದರು, ಬರೆದರು, ಬರೆದರು. ಮೂರೂ ಗ್ರಂಥಗಳ ನಾಗರಿ ಮತ್ತು ಕನ್ನಡ ಪ್ರತಿಗಳು ಮುಗಿಯುವಾಗ 1922! ಇಪ್ಪತ್ತಾರು ವರ್ಷ!

ಪ್ರತಿ ಆಯಿತು, ಆದರೆ ಊರು ಬಿಟ್ಟು ಹೊರಗೆ ಹೋಗಬಾರದೆಂಬ ಕಟ್ಟು. ಹಾಗಾದರೆ ಲೋಕಕ್ಕೆ ತಲುಪಿದ್ದು ಹೇಗೆ? ಇಲ್ಲಿ ಬರುತ್ತಾಳೆ ಲಕ್ಷ್ಮೀಬಾಯಿ. ಗಜಪತಿ ಶಾಸ್ತ್ರಿಗಳ ಹೆಂಡತಿ, ಓದುಬರಹ ಬಲ್ಲ ವಿದುಷಿ. ಗಂಡ ಹಗಲಿಗೆ ಮಠಕ್ಕಾಗಿ ನಾಗರಿಯಲ್ಲಿ ಬರೆಯುತ್ತಿದ್ದರೆ, ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿ ಕನ್ನಡ ಲಿಪಿಯಲ್ಲಿ ಏಳುತ್ತಿತ್ತು, ಇವಳ ಕೈಯ ನೆರವಿನಿಂದ. ಆ ಪ್ರತಿಯನ್ನು ಹೊತ್ತು ಶಾಸ್ತ್ರಿಗಳು ಉತ್ತರಕ್ಕೆ ಹೋದರು. ಕಡೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿ ಇಟ್ಟುಕೊಂಡರು. ಅದನ್ನು ಕನ್ನಡದಿಂದ ನಾಗರಿಗೆ ಇಳಿಸಲು ಸೀತಾರಾಮ ಶಾಸ್ತ್ರಿ ಎಂಬವರನ್ನು ನೇಮಿಸಿದರೆ, ಅವರೂ ತಮಗೊಂದು ಪ್ರತಿ ಗುಟ್ಟಾಗಿ ಉಳಿಸಿಕೊಂಡರು! ಅಲ್ಲಿಂದ ಆರಾ, ಕಾರಂಜಾ, ಅಮರಾವತಿ ಎಂದು ಪ್ರತಿಗಳು ಹಬ್ಬಿದವು. ಮಾಡಿದ್ದು ಸರಿಯೇ, ಕೊಟ್ಟ ಮಾತು ಮುರಿದಂತಲ್ಲವೇ ಎಂದು ಆ ಕಾಲದಲ್ಲೇ ಜಗಳವಿತ್ತು. ನನ್ನನ್ನು ಕೇಳಿದರೆ, ಗರಿಗಳನ್ನು ಬಿಗಿಯಾಗಿ ಕಾದ ಮೂಡುಬಿದಿರೆಯವರಿಗೂ ಒಂದು ನಮಸ್ಕಾರ, ಕದ್ದು ಬರೆದ ಆ ತಾಯಿಗೆ ಎರಡು.

ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನ ಪ್ರೊಫೆಸರ್ ಹೀರಾಲಾಲ್ ಜೈನರು 1939ರಲ್ಲಿ ಧವಲದ ಮೊದಲ ಸಂಪುಟ ಹೊರತಂದರು. ಜೊತೆಗೆ ಬೆಳಗಾವಿಯ ಸದಲಗಾದ ಎ.ಎನ್. ಉಪಾಧ್ಯೆ. ಅಚ್ಚಾಗಿ ಬಂದದ್ದನ್ನು ನೋಡಿದ ಮೇಲೆ ಮೂಡುಬಿದಿರೆಯ ಮನಸ್ಸೂ ಕರಗಿತು. ಭಟ್ಟಾರಕರು ಮತ್ತು ಟ್ರಸ್ಟಿಗಳು ಮೂಲ ಗರಿಗಳೊಂದಿಗೆ ಪಾಠ ತಾಳೆ ನೋಡಲು ಒಪ್ಪಿದರು, ಇಲ್ಲಿನ ಲೋಕನಾಥ ಶಾಸ್ತ್ರಿಗಳು ಆ ಕೆಲಸಕ್ಕೆ ಕೂತರು. 1942ರ ನಾಲ್ಕನೇ ಸಂಪುಟಕ್ಕೆ ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಧವಲದ ಗಣಿತದ ಮೇಲೆ ಪ್ರಬಂಧ ಬರೆದರು. ಹಿಂದೂ ಗಣಿತದ ಚರಿತ್ರೆ ಬರೆದ ಇಬ್ಬರಲ್ಲಿ ಒಬ್ಬರು ಅವರು. ಅರ್ಧಚ್ಛೇದ ಎಂದರೆ ಲಾಗರಿದಮ್ ಎಂದು ಗಣಿತಲೋಕದ ಕಿವಿಗೆ ಬಿದ್ದದ್ದು ಆಗ. ಧವಲ ಹದಿನಾರು ಸಂಪುಟಗಳಲ್ಲಿ ಮುಗಿಯಲು ಎರಡು ದಶಕ ಹಿಡಿಯಿತು. ಮಹಾಧವಲವನ್ನು 1947ರಿಂದ ಭಾರತೀಯ ಜ್ಞಾನಪೀಠ ಏಳು ಸಂಪುಟಗಳಲ್ಲಿ ತಂದಿತು.

ಜ್ಞಾನಪೀಠ ಎಂದ ಕೂಡಲೇ ನಮಗೆ ಕುವೆಂಪು, ಬೇಂದ್ರೆ, ಕಾರಂತರು ನೆನಪಾಗುತ್ತಾರೆ. ಆ ಸಂಸ್ಥೆಯನ್ನು 1944ರಲ್ಲಿ ಕಟ್ಟಿದ ಸಾಹು ಶಾಂತಿಪ್ರಸಾದ ಜೈನರ ಜೊತೆಗಿದ್ದವರು ಪತ್ನಿ ರಮಾ. ಅವರ ಹೆಸರನ್ನೇ ಹೊತ್ತು ಮೂಡುಬಿದಿರೆಯ ಜೈನಮಠದ ಆಸರೆಯಲ್ಲಿ ನಿಂತಿರುವುದು ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನ. ದೇಮಿಯಕ್ಕನಿಂದ ಹೊರಟ ಸಾಲು ಎಲ್ಲಿಗೆ ಬಂದು ನಿಂತಿತು ನೋಡಿ! ಸಾವಿರಾರು ಓಲೆಗ್ರಂಥಗಳ ಭಂಡಾರ ಇಲ್ಲಿದೆ. ಇವನ್ನೆಲ್ಲ ಕಟ್ಟು ಬಿಚ್ಚಿ, ಯಾವುದರಲ್ಲಿ ಏನಿದೆ ಎಂದು ನೋಡಿ ಪಟ್ಟಿ ಮಾಡುವ ಕೆಲಸವನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮಾಡಿದ್ದರು. 1948ರಲ್ಲಿ ಕಾಶಿಯಿಂದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' ಎಂದು ಅದು ಅಚ್ಚಾಯಿತು. ಮೂಡುಬಿದಿರೆಯ ಮಠ, ಸಿದ್ಧಾಂತ ಬಸದಿ, ಕಾರ್ಕಳ, ಕೊನೆಗೆ ನಮ್ಮ ದಾರಿಯ ಅಳಿಯೂರಿನ ಗ್ರಂಥಗಳೂ ಅದರಲ್ಲಿವೆ. ಬಸ್ಸಿನ ಕಿಟಕಿಯಲ್ಲಿ ಒಂದು ನಿಮಿಷ ಕಂಡು ಮರೆಯಾಗುವ ಅಳಿಯೂರು ಕಾಶಿಯ ಪುಸ್ತಕದಲ್ಲಿ!

ಇನ್ನು ಶ್ರುತಪಂಚಮಿ. ಅಂದು ಗ್ರಂಥಗಳನ್ನು ಹೊರತೆಗೆಯುತ್ತಾರೆ. ಹಳೆಯ ವಸ್ತ್ರ ಬಿಚ್ಚಿ, ಧೂಳು ಒರೆಸಿ, ಹೊಸ ವಸ್ತ್ರ ಸುತ್ತುತ್ತಾರೆ. ಶ್ರುತಸ್ಕಂಧಕ್ಕೆ ಪೂಜೆ, ಶಾಸ್ತ್ರದ ಮೆರವಣಿಗೆ, ಪಂಡಿತರ ಉಪನ್ಯಾಸ, ಮಕ್ಕಳ ಹಾಡು. ಬರುವುದು ಜ್ಯೇಷ್ಠದಲ್ಲಿ, ಅಂದರೆ ಹೆಚ್ಚಾಗಿ ಮೇ ಕೊನೆಯಿಂದ ಜೂನ್ ನಡುವೆ. ತುಳುನಾಡಿನಲ್ಲಿ ಆ ದಿನಗಳೆಂದರೇನು? ಕಾರ್ತೆಲ್ ಬಾಗಿಲಿಗೆ ಬಂದಿದೆ, ಕುದುರೆಮುಖದ ಮೇಲೆ ಕಪ್ಪು ಮೋಡ ಕೂತಿದೆ, ಇನ್ನು ಮೂರು ತಿಂಗಳು ಗೋಡೆ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಓಲೆಗರಿಗೆ ದೊಡ್ಡ ಶತ್ರು ತೇವ, ಅದರ ಹಿಂದೆಯೇ ಬರುವ ಹುಳ. ಸರಿಯಾಗಿ ಅದಕ್ಕೂ ಮೊದಲು ವರ್ಷಕ್ಕೊಮ್ಮೆ ಪ್ರತಿಯೊಂದು ಕಟ್ಟನ್ನೂ ಕೈಯಲ್ಲಿ ಹಿಡಿದು, ಗಾಳಿಯಾಡಿಸಿ, ಒಣಬಟ್ಟೆ ಸುತ್ತಿ ಇಡುವ ಹಬ್ಬ! ತಿಥಿ ನಿಂತದ್ದು ಗ್ರಂಥ ಮುಗಿದ ದಿನದ ನೆನಪಿಗೆ ಎಂಬುದು ಸರಿಯೇ. ಆದರೆ ನಮ್ಮ ಕರಾವಳಿಯ ಹವೆಗೆ ಅದು ಕೂಡಿಬಂದ ರೀತಿ ನೋಡಿದರೆ, ನೂರಾರು ಮಳೆಗಾಲಗಳನ್ನು ಗರಿ ದಾಟಿದ್ದರಲ್ಲಿ ಆ ಪೂಜೆಯ ಪಾಲು ಸಣ್ಣದಲ್ಲ ಎಂದೇ ನನ್ನ ನಂಬಿಕೆ. ಈಗ ಹಸ್ತಪ್ರತಿ ಸಂರಕ್ಷಣೆಯ ತರಬೇತಿಯಲ್ಲಿ ಮೊದಲು ಹೇಳುವುದೂ ಇದನ್ನೇ: ಬಿಚ್ಚಿ, ಒರೆಸಿ, ಗಾಳಿಯಾಡಿಸಿ. ಮೇಲೆ ಒಂದಿಷ್ಟು ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚಿದರೆ ಗರಿ ಮೆದುವಾಗುತ್ತದೆ, ಹುಳ ದೂರವಾಗುತ್ತದೆ.

ಪೂಜೆ ಗರಿಯನ್ನು ಉಳಿಸಿತು. ಓದು ಗರಿಯೊಳಗಿನದ್ದನ್ನು ಉಳಿಸಿತು. ಇವೆರಡೂ ಒಂದೇ ಚಪ್ಪರದ ಕೆಳಗೆ ಬರುವ ದಿನ ವರ್ಷಕ್ಕೊಂದು ಇದೆ. ಆ ದಿನದ ವೇದಿಕೆಯ ಮೇಲೆ ಪ್ರಾಕೃತ ಪಂಡಿತರ ಪಕ್ಕದಲ್ಲಿ ಒಬ್ಬ ಗಣಿತದ ಮೇಷ್ಟ್ರು ಕೂತಿರಬೇಕು ಎನ್ನುವುದು ನನ್ನ ಆಸೆ. ಕರಿಹಲಗೆಯ ಮೇಲೆ ಅರ್ಧಚ್ಛೇದ ಬಿಡಿಸಿ ತೋರಿಸಬೇಕು, ಕೆಳಗೆ ಕೂತ ಹೈಸ್ಕೂಲು ಮಕ್ಕಳು ಕಟಪಯಾದಿಯಿಂದ ಇಪ್ಪತ್ತೊಂಬತ್ತು ಅಂಕಿ ಜೋಡಿಸಬೇಕು. ಸಾಮಗ್ರಿಗೆ ಕೊರತೆಯಿಲ್ಲ, ಶ್ರವಣಬೆಳಗೊಳದ ಪ್ರಾಕೃತ ಸಂಶೋಧನ ಸಂಸ್ಥೆ ಧವಲದ ಕನ್ನಡ ಅನುವಾದದ ಸಂಪುಟಗಳನ್ನೇ ತಂದಿದೆ. ಹಿಂದಿಯನ್ನೋ ಇಂಗ್ಲಿಷನ್ನೋ ಕಾಯಬೇಕಾಗಿಲ್ಲ.

ಕೊನೆಗೆ ನಾರಾವಿ, ಕುತ್ಲೂರು, ಅಳದಂಗಡಿ, ವೇಣೂರು, ಶಿರ್ತಾಡಿ ಕಡೆಯ ಮನೆಯವರಲ್ಲಿ ಒಂದು ಕೇಳಿಕೆ. ಹಳೆಯ ಮನೆ ಕೆಡವಿ ತಾರಸಿ ಹಾಕಿಸುವ ಕಾಲ ಇದು. ಅಟ್ಟದ ಮೂಲೆಯಲ್ಲಿ, ಅಜ್ಜನ ಮರದ ಪೆಟ್ಟಿಗೆಯಲ್ಲಿ, ಎರಡು ಹಲಗೆಯ ನಡುವೆ ದಾರ ಸುತ್ತಿದ ಓಲೆಯ ಕಟ್ಟು ಸಿಕ್ಕರೆ ಹೊಳೆಗೆ ಬಿಡಬೇಡಿ, ಬೆಂಕಿಗೆ ಹಾಕಬೇಡಿ, ಹಳೇ ಸಾಮಾನಿನವನಿಗೆ ತೂಕಕ್ಕೆ ಕೊಡಬೇಡಿ. ನೂರಕ್ಕೆ ತೊಂಬತ್ತು ಪಾಲು ಅದು ಜಮೀನಿನ ಲೆಕ್ಕವೋ ಮದ್ದಿನ ಪಟ್ಟಿಯೋ ಯಕ್ಷಗಾನದ ಪ್ರಸಂಗವೋ ಆಗಿರಬಹುದು, ಅದೂ ಬೇಕಾದದ್ದೇ. ದಾರ ಎಳೆದು ಬಿಚ್ಚಲು ಹೋದರೆ ಗರಿ ಮುರಿಯುತ್ತದೆ. ಹಾಗೆಯೇ ಒಂದು ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ ಮೂಡುಬಿದಿರೆಯ ರಮಾರಾಣಿ ಶೋಧ ಸಂಸ್ಥಾನಕ್ಕೋ ಉಜಿರೆಯ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನಕ್ಕೋ ಕೊಂಡುಹೋಗಿ, ಓದಬಲ್ಲವರ ಕೈಗೆ ಕೊಡಿ.